ಕಲ್ಲಿನ ಮುಸುಕಿನ ಮುಂದೆ ಅಪ್ಪ

ಸೋಲಾಪುರದಲ್ಲಿ ನಲವತ್ತು ವರ್ಷ ಚಾದರ ನೇಯ್ದ ಅಪ್ಪನನ್ನು ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಬೇಕೆಂಬ ನನ್ನ ಬಹುದಿನದ ಆಸೆ ಕಳೆದ ತಿಂಗಳು ಈಡೇರಿತು. ನಿಜಾಮರ ದಿವಾನರಾಗಿದ್ದ ಸಾಲಾರ್ ಜಂಗ್ ಮನೆತನ ಮೂರು ತಲೆಮಾರು ಕೂಡಿಟ್ಟ ವಸ್ತುಗಳು ಅಲ್ಲಿವೆ. ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ 1949ರಲ್ಲಿ ತೀರಿಕೊಂಡ ಮೇಲೆ, 1951ರಲ್ಲಿ ಅವರ ಅರಮನೆ ದಿವಾನ್ ದೇವಡಿಯಲ್ಲೇ ಅವುಗಳನ್ನು ಜನರ ನೋಟಕ್ಕೆ ತೆರೆಯಲಾಯಿತು. ಮೂಸಿ ನದಿಯ ದಂಡೆಯ ಈಗಿನ ಕಟ್ಟಡಕ್ಕೆ ಅವು ಬಂದದ್ದು 1968ರಲ್ಲಿ.

ಚೀನಾದ ಪಿಂಗಾಣಿ, ಜಪಾನಿನ ಕಸೂತಿ, ಪರ್ಷಿಯಾದ ರತ್ನಗಂಬಳಿಗಳನ್ನು ನೋಡುತ್ತ ನಡೆದೆವು. ತಾಸಿಗೊಮ್ಮೆ ಪುಟ್ಟ ಬೊಂಬೆ ಹೊರಬಂದು ಗಂಟೆ ಬಾರಿಸುವ ಗಡಿಯಾರದ ಮುಂದೆ ಎಲ್ಲರಂತೆ ನಾವೂ ಕಾದೆವು. ಆದರೆ ಅಪ್ಪ ನಿಜವಾಗಿ ನಿಂತುಬಿಟ್ಟದ್ದು 'ಮುಸುಕಿನ ರೆಬೆಕ್ಕಾ'ಳ ಎದುರು.

ಇಟಲಿಯ ಶಿಲ್ಪಿ ಜೊವಾನ್ನಿ ಮರಿಯಾ ಬೆಂಜೋನಿ ಕಡೆದ ಈ ಅಮೃತಶಿಲೆಯ ವಿಗ್ರಹವನ್ನು ಮೊದಲನೆಯ ಸಾಲಾರ್ ಜಂಗ್ 1876ರಲ್ಲಿ ರೋಮ್‌ನಲ್ಲಿ ಕೊಂಡರು. ಮುಸುಕೂ ಕಲ್ಲು, ಅದರೊಳಗಿನ ಮುಖವೂ ಅದೇ ಕಲ್ಲು. ಆದರೂ ಮೂಗು, ರೆಪ್ಪೆ, ತುಟಿಗಳು ತೆಳು ಬಟ್ಟೆಯ ಹಿಂದಿನಿಂದ ಕಾಣುತ್ತಿವೆ ಎಂದೇ ಕಣ್ಣು ನಂಬುತ್ತದೆ. ಹತ್ತಿರ ಹೋಗಿ ನೋಡಿದರೆ ಶಿಲ್ಪಿ ಮಾಡಿರುವುದು ಇಷ್ಟೇ: ಮುಖದ ಉಬ್ಬುತಗ್ಗುಗಳ ಮೇಲೆ ಕೂದಲೆಳೆಯಂಥ ನೆರಿಗೆಗಳನ್ನು ಏರಿಸಿ ಇಳಿಸಿದ್ದಾನೆ. ಬೆಳಕು ಆ ಏಣುಗಳಲ್ಲಿ ತಡೆದು ನಿಲ್ಲುವುದರಿಂದ ಉಳಿದ ಜಾಗವೆಲ್ಲ ಪಾರದರ್ಶಕವೆನಿಸುತ್ತದೆ. ಅಪ್ಪ ಬಹಳ ಹೊತ್ತು ಬಗ್ಗಿ ನೋಡಿ, "ಸಣ್ಣ ನೂಲಿನ ಅರಿವಿ. ಸ್ವಲ್ಪ ಹಸಿ ಐತಿ, ಅದಕ್ಕ ಗಲ್ಲಕ್ಕ ಹತ್ತೇತಿ" ಎಂದರು. ಆ ವಿಗ್ರಹದ ಬಗ್ಗೆ ನಾನು ಓದಿದ ಯಾವ ಬರಹವೂ ಇಷ್ಟು ನಿಖರವಾಗಿರಲಿಲ್ಲ.

ಬಿದರಿ ಪಾತ್ರೆ, ಹುಕ್ಕಾಗಳ ಎದುರು ನಮಗೆ ನಮ್ಮ ಸೀಮೆಯೇ ಸಿಕ್ಕಂತಾಯಿತು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೀರಿದ ಬಳ್ಳಿಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ, ಕೊನೆಗೆ ಬೀದರ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಉಜ್ಜುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. ಜನ ಈ ಕೋಣೆಯನ್ನು ಬೇಗ ದಾಟುತ್ತಿದ್ದುದು ನನಗೆ ನೋವುಂಟುಮಾಡಿತು. ಬೆಂಜೋನಿಯ ಹೆಸರು ಲೋಕಕ್ಕೆಲ್ಲ ಗೊತ್ತು. ಆ ಹುಕ್ಕಾಗಳಿಗೆ ಬೆಳ್ಳಿ ಕೂರಿಸಿದವರ ಹೆಸರನ್ನು ಮಾತ್ರ ನಾನು ಎಲ್ಲಿಯೂ ಕಾಣಲಿಲ್ಲ. ಅಪ್ಪ ನೇಯ್ದ ಚಾದರಗಳ ಮೇಲೂ ಅಂಗಡಿಯವರ ಹೆಸರೇ ಇರುತ್ತಿತ್ತು.

ಮುಚ್ಚುವ ವೇಳೆಗೆ ಅಪ್ಪ ಮತ್ತೊಮ್ಮೆ ರೆಬೆಕ್ಕಾಳ ಬಳಿಗೆ ಹೋಗಿ ಬಂದರು. ಮರಳುವ ರೈಲು ವಾಡಿ ದಾಟುವವರೆಗೂ ಆ ಮುಸುಕಿನ ನೂಲು ಎಷ್ಟನೆಯ ಕೌಂಟಿನದಿರಬಹುದೆಂದು (ಕೌಂಟು ಹೆಚ್ಚಿದಷ್ಟೂ ನೂಲು ಸಣ್ಣ) ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತ ಲೆಕ್ಕ ಹಾಕಿ, ನೂರಕ್ಕಿಂತ ಕಡಿಮೆ ಇರಲಾರದು ಎಂದರು.