ಲೋಧಿ ಕಾಲೋನಿಯ ಗೋಡೆಗಳು: ಬೆಳಿಗ್ಗೆ ಆರೂವರೆಗೆ ಹೋಗಿ ಕೆಡಬೇಡಿ

ಮನೆಗಳ ಗೋಡೆ ತುಂಬ ದೊಡ್ಡ ದೊಡ್ಡ ಚಿತ್ರ ಬರೆದಿರುವ ದೆಹಲಿಯ ಲೋಧಿ ಕಾಲೋನಿಯಲ್ಲಿ ಮೊದಲ ದಿನ ತೆಗೆದ ಎಂಬತ್ತು ಚಿಲ್ಲರೆ ಫೋಟೊಗಳನ್ನು ರಾತ್ರಿ ರೂಮಿಗೆ ಬಂದು ನೋಡಿದೆ. ಎಲ್ಲದರಲ್ಲೂ ಕಾರು. ಗೋಡೆ ಮೇಲೆ ಬಣ್ಣದ ಹಕ್ಕಿ, ಅದರ ಹೊಟ್ಟೆಯಿಂದ ಕೆಳಗೆ ಬಿಳಿ ವ್ಯಾಗನ್ ಆರ್.

ಬೆಳಗಿನ ಬೆಳಕು ಚೆನ್ನಾಗಿರುತ್ತೆ, ಆರೂವರೆಗೇ ಅಲ್ಲಿರಿ ಅಂತ ನಾನು ಓದಿದ ಕಡೆಯೆಲ್ಲ ಬರೆದಿದ್ದರು. ಬೆಳಕೇನೋ ಚೆನ್ನಾಗಿಯೇ ಇತ್ತು. ಆದರೆ ಅದು ಸರ್ಕಾರಿ ನೌಕರರ ಕ್ವಾರ್ಟರ್ಸು. ಆ ಹೊತ್ತಿಗೆ ಮಂದಿ ಇನ್ನೂ ಹಲ್ಲುಜ್ಜುತ್ತಿರುತ್ತಾರೆ, ಅವರ ಗಾಡಿಗಳು ಗೋಡೆಗೆ ಅಂಟಿಕೊಂಡು ನಿಂತಿರುತ್ತವೆ. ಶನಿವಾರ, ಭಾನುವಾರವಂತೂ ಅವು ಅಲ್ಲಾಡುವುದೇ ಇಲ್ಲ. ನಾನು ಹೋಗಿದ್ದು ಶನಿವಾರ.

ಅದೂ ದುಡ್ಡು ಕೊಟ್ಟು ಹೋದದ್ದು. ಆನ್‌ಲೈನಿನಲ್ಲಿ ಸಿಕ್ಕ ಒಂದು ಫೋಟೊ ವಾಕಿಗೆ 1,200 ರೂಪಾಯಿ ಕಟ್ಟಿದ್ದೆ. ಆರೇ ಜನ ಅಂದಿದ್ದರು, ಹೋಗಿ ಎಣಿಸಿದರೆ ಇಪ್ಪತ್ತೆರಡು. ಕರೆದುಕೊಂಡು ಹೋದಾತ ಒಬ್ಬ ಹುಡುಗಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಅರ್ಧ ಗಂಟೆ ತಾನೇ ಕ್ಲಿಕ್ಕಿಸುತ್ತ ನಿಂತ. ಉಳಿದವರು ಅವನ ಬೆನ್ನಿನ ಫೋಟೊ ತೆಗೆಯಬೇಕಷ್ಟೆ. ಈ ಚಿತ್ರ ಯಾರದು ಅಂತ ಕೇಳಿದರೆ ‘ಕೋಯಿ ಫಾರಿನರ್ ಹೈ’, ಯಾರೋ ಫಾರಿನರ್ರು, ಅಂದ. ಒಂದು ಗಂಟೆ ತಡೆದುಕೊಂಡು, ಹೇಳದೆ ಕೇಳದೆ ಜಾಗ ಖಾಲಿ ಮಾಡಿದೆ. ಗುಂಪು ಅಂದರೆ ನನಗೆ ಮೊದಲೇ ಆಗಿಬರುವುದಿಲ್ಲ, ಆ ಲೆಕ್ಕ ಬಿಟ್ಟು ಓದಿಕೊಳ್ಳಿ. ಆದರೂ ಇದಕ್ಕೆ ಗೈಡು ಬೇಕಿಲ್ಲ, ಟಿಕೆಟ್ಟಂತೂ ಇಲ್ಲವೇ ಇಲ್ಲ. ಖನ್ನಾ ಮಾರ್ಕೆಟ್ಟಿಗೂ ಮೆಹರ್‌ಚಂದ್ ಮಾರ್ಕೆಟ್ಟಿಗೂ ನಡುವಿನ ಬೀದಿಗಳಲ್ಲಿ ಸುಮ್ಮನೆ ಅಡ್ಡಾಡಿದರೆ ಐವತ್ತಕ್ಕೂ ಹೆಚ್ಚು ಗೋಡೆ ಸಿಗುತ್ತವೆ.

ನಡುವಿನ ಭಾನುವಾರ ಆಗ್ರಾದಲ್ಲಿದ್ದೆ, ಆ ಮಾತು ಬಿಡಿ. ಮತ್ತೆ ಲೋಧಿಗೆ ಹೋಗಿದ್ದು ಸೋಮವಾರ, ಹತ್ತೂವರೆಗೆ. ಕಾರುಗಳೆಲ್ಲ ಆಫೀಸಿಗೆ ಹೋಗಿದ್ದವು! ಪೂರ್ತಿ ಖಾಲಿ ಅನ್ನಲಾರೆ, ಆದರೆ ನಾಲ್ಕು ಗೋಡೆಯಲ್ಲಿ ಮೂರು ಬುಡದಿಂದ ತುದಿಯವರೆಗೆ ಕಾಣುತ್ತಿದ್ದವು. ಸೋಮವಾರ ಕೆಂಪುಕೋಟೆಗೂ ನ್ಯಾಷನಲ್ ಮ್ಯೂಸಿಯಮ್ಮಿಗೂ ರಜೆ, ಹೇಗೂ ಅಲ್ಲಿಗೆಲ್ಲ ಹೋಗುವ ಹಾಗಿಲ್ಲ. ಆ ದಿನವನ್ನೇ ಇದಕ್ಕೆ ಇಟ್ಟುಕೊಳ್ಳಿ.

ಆಟೋದವರಿಗೆ ಬರೀ ‘ಲೋಧಿ’ ಅಂದರೆ ಗೋರಿಗಳಿರುವ ಲೋಧಿ ಗಾರ್ಡನ್ನಿನ ಗೇಟಿಗೆ ತಂದು ಇಳಿಸುತ್ತಾರೆ, ನನ್ನನ್ನೂ ಇಳಿಸಿದರು. ಮೆಟ್ರೊದಲ್ಲಿ ಜೋರ್ ಬಾಗ್ ಅಥವಾ ಜೆಎಲ್ಎನ್ (ಜವಾಹರಲಾಲ್ ನೆಹರು) ಸ್ಟೇಡಿಯಂ ಸ್ಟೇಷನ್ನಿಗೆ ಬಂದು ನಡೆಯುವುದೇ ವಾಸಿ.

ಇನ್ನು ಗೋಡೆಗಳ ವಿಷಯ. ಬ್ರಿಟಿಷರು ಹೋಗುವ ಮುಂಚೆ, 1940ರ ದಶಕದಲ್ಲಿ ಕಟ್ಟಿಸಿದ ಕಾಲೋನಿ ಇದು. ಕಟ್ಟಡಗಳ ನಡುವೆ ಎರಡಾಳೆತ್ತರಕ್ಕೂ ಮೀರಿದ ಕಮಾನು, ಅದರ ಆಚೆ ಅಂಗಳ, ಒಣಗಿಹಾಕಿದ ಬಟ್ಟೆ. ಸ್ಟಾರ್ಟ್ ಇಂಡಿಯಾ ಫೌಂಡೇಶನ್‌ನವರು 2015-16ರ ಸುಮಾರಿಗೆ ದೇಶ ವಿದೇಶದ ಕಲಾವಿದರನ್ನು ಕರೆಸಿ ಇಲ್ಲಿ ಬರೆಸಲು ಶುರುಮಾಡಿದರು. ಕಮಾನನ್ನು ಏನು ಮಾಡುವುದು ಅನ್ನುವುದೇ ಪ್ರತಿ ಚಿತ್ರದ ತಲೆನೋವು. ಹಾಗಾಗಿ ಬರೀ ಚಿತ್ರಕ್ಕೆ ಝೂಮ್ ಮಾಡಿದರೆ ಪೋಸ್ಟರಿನ ಫೋಟೊ ತೆಗೆದ ಹಾಗಿರುತ್ತದೆ. ನಾನು ಎದುರು ಫುಟ್‌ಪಾತಿಗೆ ಬೆನ್ನು ಕೊಟ್ಟು, ಅಗಲವಾಗಿ ಕಾಣಿಸುವ 24 ಎಂಎಂ ಲೆನ್ಸಿನಲ್ಲಿ ಕಮಾನನ್ನು ನಡುವೆ ಇಟ್ಟುಕೊಂಡು ಕಾದೆ. ಮೆಕ್ಸಿಕೊದ ಸೆಂಕೊ ಬರೆದ ಹಕ್ಕಿಗಳ ಗೋಡೆಯ ಮುಂದೆ, ಕಮಾನಿನ ಕತ್ತಲಿಂದ ಒಬ್ಬ ಹೆಂಗಸು ಹಾಲಿನ ಪ್ಯಾಕೆಟ್ಟು ಹಿಡಿದು ಬಿಸಿಲಿಗೆ ಕಾಲಿಟ್ಟರು. ಇಡೀ ಪ್ರವಾಸದಲ್ಲಿ ನನಗೆ ದಕ್ಕಿದ ಫೋಟೊ ಅದೊಂದೇ. ಅಂಗಳದ ಒಳಗೆ ಕೇಳದೆ ನುಗ್ಗಬೇಡಿ, ಅದು ಅವರ ಮನೆ.

ಹಿರೋಶಿಮಾದ ಸುಯಿಕೊ ಬರೆದ ಕಮಲ, ಮಹೇಂದ್ರ ಪವಾರ್ ಅವರ ರಾಜಸ್ಥಾನದ ಶೇಖಾವಾಟಿ ಶೈಲಿಯ ಗೋಡೆ, ಇವೆರಡನ್ನು ತಪ್ಪಿಸಬೇಡಿ. ನಮ್ಮೂರಿನ ನಂಟೂ ಇದೆ: ಬೆಂಗಳೂರಿನವರಾದ ಅನ್ಪು ವರ್ಕಿ ಅವರ ‘ಲಾವಾ ಟ್ರೀ’, ಬೆಂಗಳೂರಿನಲ್ಲೇ ಹುಟ್ಟಿದ ಅರವಾನಿ ಆರ್ಟ್ ಪ್ರಾಜೆಕ್ಟಿನ ತೃತೀಯಲಿಂಗಿ ಕಲಾವಿದರು ಸೇರಿ ಬರೆದ ಗೋಡೆ. ಕೆಲವು ಹಳೆಯ ಚಿತ್ರಗಳ ಬಣ್ಣ ತೇವಕ್ಕೆ ಹೆಕ್ಕಳಿಕೆ ಎದ್ದಿದೆ. ಐದಾರು ವರ್ಷದ ಹಿಂದಿನ ಫೋಟೊ ನೋಡಿ ಅದೇ ಬಣ್ಣ ಸಿಗುತ್ತದೆ ಅಂದುಕೊಂಡರೆ ಬೇಸರವಾದೀತು. ಹನ್ನೊಂದೂವರೆಯ ಮೇಲೆ ಮರಗಳ ನೆರಳು ಗೋಡೆ ತುಂಬ ಚುಕ್ಕಿ ಚುಕ್ಕಿ ಬೀಳುತ್ತದೆ. ಆಗ ಬಿಸಿಲಿನ ಬದಿ ಬಿಟ್ಟು ಪೂರ್ತಿ ನೆರಳಲ್ಲಿರುವ ಎದುರು ಬದಿಗೆ ದಾಟಿ.

ಹೊಟ್ಟೆಪಾಡಿಗೆ ಮೆಹರ್‌ಚಂದ್ ಕೆಫೆಗಳ ಕಡೆ ತಲೆ ಹಾಕಬೇಡಿ, ಒಂದು ಕಾಫಿಯ ದುಡ್ಡಿಗೆ ನಮ್ಮಲ್ಲಿ ಮನೆಮಂದಿಯೆಲ್ಲ ದೋಸೆ ತಿನ್ನಬಹುದು. ಖನ್ನಾ ಮಾರ್ಕೆಟ್ಟಿನ ಹತ್ತಿರ ಬೇವಿನ ಮರದ ಕೆಳಗೆ ಮಟರ್ ಕುಲ್ಚಾದ ತಳ್ಳುಗಾಡಿ ನಿಲ್ಲುತ್ತದೆ. ಕೆಂಪು ಬಟ್ಟೆ ಸುತ್ತಿದ ಹಿತ್ತಾಳೆ ಹಂಡೆ, ಒಳಗೆ ಬೆಂದು ಹಿಟ್ಟಾದ ಬಿಳಿ ಬಟಾಣಿ. ಒಂದು ಸೌಟು ತಟ್ಟೆಗೆ ಬಗ್ಗಿಸಿ, ಹುಣಸೆ ನೀರು ಚಿಮುಕಿಸಿ, ಕರಿ ಮಸಾಲೆ ಉದುರಿಸಿ, ಕಡ್ಡಿಯಂತೆ ಹೆಚ್ಚಿದ ಶುಂಠಿ, ಈರುಳ್ಳಿ ಹಾಕಿ ಚಕಚಕ ಕಲಸುತ್ತಾನೆ. ಕುಲ್ಚಾ, ಅಂದರೆ ಮೈದಾ ರೊಟ್ಟಿ, ಬೆಣ್ಣೆಯಲ್ಲಿ ಎರಡೂ ಕಡೆ ಬಿಸಿಯಾಗಿ ಬರುತ್ತದೆ. ಪ್ಲೇಟಿಗೆ ಐವತ್ತು ರೂಪಾಯಿ, ಬಟಾಣಿ ಕೇಳಿದರೆ ಇನ್ನೊಂದು ಸೌಟು ಬಿಟ್ಟಿ. ಖಾರ ಜಾಸ್ತಿ ಹಾಕಪ್ಪ ಅಂತ ಹರಕು ಹಿಂದಿಯಲ್ಲಿ ಹೇಳಿದ್ದಕ್ಕೆ, ‘ಸೌತ್ ಸೇ ಹೋ ಕ್ಯಾ, ಭಾಯಿಸಾಬ್?’ (ದಕ್ಷಿಣದವರಾ?) ಅಂದು ಎರಡು ಹಸಿಮೆಣಸಿನಕಾಯಿ ಪಕ್ಕಕ್ಕಿಟ್ಟ. ನಾನು ಎರಡು ಪ್ಲೇಟು ತಿಂದೆ, ಮಾರನೇ ದಿನ ಇದಕ್ಕೇ ಅಂತ ಮತ್ತೆ ಹೋದೆ. ಆಗ ಮೂರು ಗಂಟೆ ದಾಟಿತ್ತು, ಹಂಡೆ ಬೋರಲು ಹಾಕಿದ್ದ. ಎರಡರೊಳಗೆ ಹೋಗಿ.