ಡೊನಾಲ್ಡ್ ಡಕ್ ಮತ್ತು ಮೊಮೊಟಾರೊ

ಎರಡನೇ ಮಹಾಯುದ್ಧದ ಕಾಲದ ಪ್ರಚಾರ ಕಾರ್ಟೂನುಗಳನ್ನು ಕೆಲವು ವಾರಗಳಿಂದ ರಾತ್ರಿಯ ಹೊತ್ತು ಒಂದೊಂದಾಗಿ ನೋಡುತ್ತಿದ್ದೇನೆ. ಮೊದಲು ನೋಡಿದ್ದು ಡಿಸ್ನಿ ಸಂಸ್ಥೆ 1943ರ ಜನವರಿಯಲ್ಲಿ ಬಿಡುಗಡೆ ಮಾಡಿದ ‘ಡೆರ್ ಫ್ಯೂರರ್ಸ್ ಫೇಸ್’. ನಾಜಿಗಳ ನಾಡಿನಲ್ಲಿ ಕಾರ್ಮಿಕನಾಗಿರುವ ಡೊನಾಲ್ಡ್ ಡಕ್ ಮರದ ದಿಮ್ಮಿಯಷ್ಟು ಗಟ್ಟಿಯಾದ ಬ್ರೆಡ್ಡನ್ನು ಗರಗಸದಿಂದ ಕೊಯ್ಯುತ್ತಾನೆ. ಬಚ್ಚಿಟ್ಟಿದ್ದ ಒಂದೇ ಒಂದು ಕಾಫಿ ಬೀಜವನ್ನು ದಾರಕ್ಕೆ ಕಟ್ಟಿ ಬಟ್ಟಲಿನಲ್ಲಿ ಅದ್ದಿ, ಜೋಪಾನವಾಗಿ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಕಾರ್ಖಾನೆಯಲ್ಲಿ ಸಾಲಾಗಿ ಬರುವ ಫಿರಂಗಿ ಗುಂಡುಗಳ ತುದಿಯನ್ನು ತಿರುಗಿಸಿ ಬಿಗಿಯುತ್ತಿದ್ದರೆ ನಡುನಡುವೆ ಹಿಟ್ಲರನ ಭಾವಚಿತ್ರವೂ ತೇಲಿಬರುತ್ತದೆ, ಪ್ರತಿಯೊಂದಕ್ಕೂ ಕೈಯೆತ್ತಿ ವಂದಿಸಲೇಬೇಕು. ಸಾಲಿನ ವೇಗ ಹೆಚ್ಚುತ್ತ ಹೋದಂತೆ ಯಾವುದಕ್ಕೆ ತಿರುಪು, ಯಾವುದಕ್ಕೆ ವಂದನೆ ಎಂಬುದೇ ಗೊಂದಲವಾಗಿ ಡೊನಾಲ್ಡ್‌ನ ತಲೆ ಕೆಡುವ ಹೊತ್ತಿಗೆ ನಾನು ಗಟ್ಟಿಯಾಗಿ ನಗುತ್ತಿದ್ದೆ. ಆಸ್ಕರ್ ಪಡೆದ ಈ ಚಿತ್ರ ಎಂಟು ದಶಕಗಳ ನಂತರವೂ ನಗಿಸುವುದಕ್ಕೆ ಕಾರಣವಿದೆ: ಅದು ಗೇಲಿ ಮಾಡುತ್ತಿರುವುದು ಮನುಷ್ಯನನ್ನು ಯಂತ್ರದ ಭಾಗವಾಗಿಸುವ ಆಡಳಿತವನ್ನು, ಅಂಥ ಆಡಳಿತದ ಕೈಗೆ ಸಿಕ್ಕವನ ಪಾಡು ಯಾರಿಗೂ ಅರ್ಥವಾಗುವಂಥದ್ದು.

ಆದರೆ ಅದೇ ಚಿತ್ರದ ಆರಂಭದಲ್ಲಿ ಮೆರವಣಿಗೆ ಹೊರಡುವ ವಾದ್ಯತಂಡವನ್ನು ಎರಡನೇ ಸಲ ನೋಡುವಾಗ ಗಮನಿಸಿದೆ. ಅದರಲ್ಲಿರುವ ಹಿಟ್ಲರನ ಆಪ್ತ ಗೋರಿಂಗ್, ಇಟಲಿಯ ಮುಸೊಲಿನಿ ಇಬ್ಬರೂ ಮುಖ ನೋಡಿದೊಡನೆ ಗುರುತು ಸಿಗುವ ವ್ಯಕ್ತಿಗಳು. ಜಪಾನಿನ ಕಡೆಯವನಾಗಿ ಬರುವ ವಾದಕನಲ್ಲಿ ಮಾತ್ರ ಅಂಥ ಗುರುತಿಲ್ಲ, ಮುಂದೆ ಚಾಚಿದ ಹಲ್ಲು, ದಪ್ಪ ಕನ್ನಡಕ, ಹಳದಿ ಮೈಬಣ್ಣ ಇಷ್ಟೇ ಇದೆ. ಜರ್ಮನಿ ಎಂದರೆ ಅದರ ನಾಯಕರು, ಜಪಾನ್ ಎಂದರೆ ಇಡೀ ಒಂದು ಜನಾಂಗ. ಆ ಕಾಲದ ಅಮೆರಿಕದ ಕಾರ್ಟೂನುಗಳಲ್ಲಿ ಈ ಭೇದ ಮತ್ತೆ ಮತ್ತೆ ಕಾಣುತ್ತದೆ.

ವಾರ್ನರ್ ಸಂಸ್ಥೆಯ ‘ಬಗ್ಸ್ ಬನಿ ನಿಪ್ಸ್ ದ ನಿಪ್ಸ್’ ತೆರೆಕಂಡದ್ದು 1944ರಲ್ಲಿ. ಹೆಸರಿನಲ್ಲಿಯೇ ಜಪಾನೀಯರನ್ನು ಹಳಿಯುವ ‘ನಿಪ್’ ಎಂಬ ಬೈಗುಳವಿರುವ ಈ ಚಿತ್ರದಲ್ಲಿ ಪೆಸಿಫಿಕ್ ದ್ವೀಪವೊಂದಕ್ಕೆ ಬಂದು ಸೇರುವ ಮೊಲ ಬಗ್ಸ್, ಐಸ್‌ಕ್ರೀಮ್ ಗಾಡಿಯವನ ವೇಷದಲ್ಲಿ ಜಪಾನೀ ಸೈನಿಕರಿಗೆ ಒಳಗೆ ಗ್ರೆನೇಡ್ ಇಟ್ಟ ಐಸ್‌ಕ್ರೀಮ್ ಹಂಚುತ್ತಾನೆ, ಕೊಡುವಾಗ ಒಬ್ಬೊಬ್ಬರನ್ನೂ ಅವರ ರೂಪ ಹಿಡಿದು ಹಳಿಯುತ್ತಾನೆ. ಚಿತ್ರಕಾರರ ಕೈಚಳಕಕ್ಕೆ ಇಲ್ಲಿ ಕೊರತೆಯೇನೂ ಇಲ್ಲ, ಆದರೂ ನನಗೆ ನಗು ಬರಲಿಲ್ಲ. 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಹೊರಡಿಸಿದ ಆದೇಶದ ಫಲವಾಗಿ ಜಪಾನೀ ಮೂಲದ ಸುಮಾರು 1,20,000 ಮಂದಿಯನ್ನು ಶಿಬಿರಗಳಿಗೆ ಸಾಗಿಸಲಾಗಿತ್ತು. ಅವರಲ್ಲಿ ಬಹುಪಾಲು ಜನ ಅಮೆರಿಕದ ಪ್ರಜೆಗಳೇ. ಚಿತ್ರಮಂದಿರಗಳಲ್ಲಿ ಮೊಲ ಐಸ್‌ಕ್ರೀಮ್ ಹಂಚುತ್ತಿದ್ದ ದಿನಗಳಲ್ಲಿ ಇವರಲ್ಲಿ ಅನೇಕರು ಇನ್ನೂ ಮುಳ್ಳುತಂತಿಯ ಹಿಂದೆಯೇ ಇದ್ದರು.

1990ರ ದಶಕದಲ್ಲಿ ಈ ಚಿತ್ರ ಮನೆಯಲ್ಲಿ ನೋಡುವ ಡಿಸ್ಕುಗಳ ಸಂಗ್ರಹದಲ್ಲಿ ಸೇರಿದಾಗ ಆಕ್ಷೇಪಗಳೆದ್ದವು, ವಿತರಕರು ಅದನ್ನು ಹಿಂತೆಗೆದುಕೊಂಡರು. 2001ರಲ್ಲಿ ಕಾರ್ಟೂನ್ ನೆಟ್‌ವರ್ಕ್ ವಾಹಿನಿ ಬಗ್ಸ್ ಬನಿಯ ಚಿತ್ರಗಳನ್ನೆಲ್ಲ ಸರಣಿಯಾಗಿ ಪ್ರಸಾರ ಮಾಡಲು ಹೊರಟು, ಕೊನೆಗೆ 12 ಚಿತ್ರಗಳನ್ನು ಕೈಬಿಟ್ಟಿತು. ಬಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ, ಮುಚ್ಚಿಟ್ಟದ್ದು ಕದ್ದ ಪ್ರತಿಗಳಲ್ಲಿ ಹರಿದಾಡುವಾಗ ಅದರ ಜೊತೆಗೆ ಒಂದು ಸಾಲಿನ ವಿವರಣೆಯೂ ಇರುವುದಿಲ್ಲ. ಅದಕ್ಕಿಂತ ವಾರ್ನರ್ ಸಂಸ್ಥೆ ಮುಂದೆ ತನ್ನ ಹಳೆಯ ಸಂಗ್ರಹಗಳ ಆರಂಭದಲ್ಲಿ ಸೇರಿಸಿದ ಸೂಚನೆ ಎಷ್ಟೋ ವಾಸಿ: ಇಂಥ ಚಿತ್ರಣ ಆಗಲೂ ತಪ್ಪು, ಈಗಲೂ ತಪ್ಪು ಎಂದು ಅದು ನೇರವಾಗಿ ಒಪ್ಪಿಕೊಳ್ಳುತ್ತದೆ. ‘ಆ ಕಾಲ ಹಾಗಿತ್ತು’ ಎಂದು ಜಾರಿಕೊಳ್ಳುವುದಿಲ್ಲ.

ಇಷ್ಟಾದರೂ ಇವು ಕಣ್ಣಿಗೆ ರಾಚುವಷ್ಟು ಒರಟಾದ ಚಿತ್ರಗಳು. ಹಾಗಾಗಿ ಇಂದಿನ ಪ್ರೇಕ್ಷಕ ಅವುಗಳ ಮುಂದೆ ತಾನಾಗಿಯೇ ಎಚ್ಚರವಾಗುತ್ತಾನೆ. ಈ ಎಚ್ಚರ ಪೂರ್ತಿ ಕೈಕೊಟ್ಟದ್ದು ಜಪಾನಿನ ‘ಮೊಮೊಟಾರೊ: ಸಮುದ್ರದ ದಿವ್ಯ ಯೋಧರು’ ನೋಡುವಾಗ. ನೌಕಾ ಇಲಾಖೆಯ ಬೆಂಬಲದಿಂದ ಮಿತ್ಸುಯೊ ಸೆಒ ನಿರ್ದೇಶಿಸಿದ ಈ ಚಿತ್ರ 1945ರ ಏಪ್ರಿಲ್‌ನಲ್ಲಿ ಬಿಡುಗಡೆಯಾಯಿತು. ಜಪಾನಿನ ಮೊದಲ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರವೂ ಇದೇ. ಪೀಚ್ ಹಣ್ಣಿನಿಂದ ಹುಟ್ಟಿ, ನಾಯಿ, ಕೋತಿ, ಫೆಸೆಂಟ್ ಹಕ್ಕಿಗಳ ಜೊತೆ ರಾಕ್ಷಸರ ದ್ವೀಪಕ್ಕೆ ಹೋಗುವ ಜನಪದ ಕಥೆಯ ಹುಡುಗ ಇಲ್ಲಿ ನೌಕಾಪಡೆಯ ಅಧಿಕಾರಿಯಾಗಿದ್ದಾನೆ, ರಾಕ್ಷಸರು ತಲೆಯ ಮೇಲೆ ಕೋಡಿರುವ ಬ್ರಿಟಿಷರಾಗಿದ್ದಾರೆ. ರಜೆಯಲ್ಲಿ ಊರಿಗೆ ಬಂದ ಪ್ರಾಣಿ ಸೈನಿಕರು ಬೆಟ್ಟದ ಮಗ್ಗುಲಲ್ಲಿ ಕುಳಿತಿದ್ದಾಗ ದಂಡೇಲಿಯನ್ ಹೂವಿನ ಬಿಳಿ ಬೀಜಗಳು ಗಾಳಿಗೆ ತೇಲಿಹೋಗುತ್ತವೆ, ಕೋತಿಗೆ ಅವು ಪ್ಯಾರಾಚೂಟುಗಳಾಗಿ ಕಾಣುತ್ತವೆ. ಇಷ್ಟು ಮೃದುವಾದ ದೃಶ್ಯವನ್ನು ಯುದ್ಧದ ಚಿತ್ರದಲ್ಲಿ ನಾನು ನಿರೀಕ್ಷಿಸಿರಲಿಲ್ಲ. ಮುಂದೆ ದಕ್ಷಿಣದ ದ್ವೀಪವೊಂದರ ಕಾಡುಪ್ರಾಣಿಗಳಿಗೆ ಜಪಾನೀ ಅಕ್ಷರಮಾಲೆಯನ್ನು ಹಾಡಿನಲ್ಲಿ ಕಲಿಸುತ್ತಾರೆ. ಆ ರಾಗಕ್ಕೆ ನನ್ನ ಕಾಲು ತಾಳ ಹಾಕುತ್ತಿತ್ತು. ಗೆದ್ದವನು ಸೋತವನ ನಾಲಿಗೆಯ ಮೇಲೆ ತನ್ನ ಭಾಷೆ ಕೂರಿಸುತ್ತಿರುವ ದೃಶ್ಯವಿದು ಎಂದು ಹೊಳೆದದ್ದು ಹಾಡು ಮುಗಿದ ಮೇಲೆ.

ಆ ಏಪ್ರಿಲ್‌ನಲ್ಲಿ ಒಸಾಕಾದ ಚಿತ್ರಮಂದಿರವೊಂದರಲ್ಲಿ 16 ವರ್ಷದ ಒಸಾಮು ತೆಜುಕಾ ಇದನ್ನು ನೋಡಿ ಕಣ್ಣೀರು ಹಾಕಿದ್ದ, ಮುಂದೆ ಜಪಾನಿನ ಅತಿ ದೊಡ್ಡ ಕಾಮಿಕ್ಸ್ ಕಲಾವಿದನಾದ. ಚಿತ್ರಮಂದಿರ ಬಹುತೇಕ ಖಾಲಿಯಿತ್ತು. ಯಾವ ಮಕ್ಕಳಿಗಾಗಿ ಈ ಚಿತ್ರವನ್ನು ಮಾಡಿದ್ದರೋ ಅವರಲ್ಲಿ ಬಹಳಷ್ಟು ಮಂದಿಯನ್ನು ಬಾಂಬ್ ದಾಳಿಯ ಭಯದಿಂದ ನಗರಗಳಿಂದ ಹಳ್ಳಿಗಳಿಗೆ ಕಳಿಸಲಾಗಿತ್ತು. ಯುದ್ಧದ ನಂತರ ಕಳೆದುಹೋಯಿತೆಂದೇ ತಿಳಿದಿದ್ದ ಚಿತ್ರ 1980ರ ದಶಕದಲ್ಲಿ ನಿರ್ಮಾಣ ಸಂಸ್ಥೆಯಾದ ಶೊಚಿಕುವಿನ ಉಗ್ರಾಣದಲ್ಲಿ ಸಿಕ್ಕಿತು. ಪುನರುಜ್ಜೀವಗೊಳಿಸಿದ ಪ್ರತಿ 2016ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು.

ಅಸಹ್ಯದ ವಿರುದ್ಧ ನಮ್ಮನ್ನು ಸಿದ್ಧಪಡಿಸುವ ಸೂಚನೆಗಳಿವೆ, ಸೌಂದರ್ಯದ ವಿರುದ್ಧ ಅಂಥದ್ದೇನೂ ಇಲ್ಲ. ಚಿತ್ರದ ಕೊನೆಯಲ್ಲಿ ಊರಿನ ಮಕ್ಕಳು ಪ್ಯಾರಾಚೂಟ್ ಸೈನಿಕರ ಆಟವಾಡುತ್ತ ಮರದಿಂದ ಧುಮುಕುತ್ತಾರೆ. ಅವರು ಬಂದು ಬೀಳುವ ಜಾಗದಲ್ಲಿ, ನೆಲದ ಮೇಲೆ, ಅಮೆರಿಕದ ನಕ್ಷೆ ಬರೆದಿದೆ. ಮೊದಲ ಸಲ ನೋಡಿದಾಗ ನಾನು ಮಕ್ಕಳನ್ನಷ್ಟೇ ನೋಡುತ್ತಿದ್ದೆ.