ಪೋಲೋ ಟಿಎಸ್ಐ, 48,300 ಕಿ.ಮೀ.: ಹಾರ್ಸ್‌ಪವರ್ ಇನ್ನೂ ಅಷ್ಟ ಐತಿ

ಮೂರು ತಿಂಗಳಾತು ಗಾಡಿ ಬಗ್ಗೆ ಏನೂ ಬರದಿಲ್ಲ. ಕೆಲಸ ನಿಂತಿತ್ತು ಅಂತಲ್ಲ, ಕೆಲಸದ ಗದ್ಲದಾಗ ಬರಿಯೋದು ಉಳೀತು ಅಷ್ಟ. ಹೊಸದಾಗಿ ಓದೋರಿಗೆ ಎರಡ ಮಾತು: ಫೋಕ್ಸ್‌ವ್ಯಾಗನ್ ಪೋಲೋ 1.0 ಟಿಎಸ್ಐ, 2021ರ ಮಾಡೆಲ್, ಆರು ಗೇರಿನ ಮ್ಯಾನ್ಯುಯಲ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮೂರು ಸಿಲಿಂಡರು, 999 ಸಿಸಿ, ಟರ್ಬೊ, 110 ಪಿಎಸ್, 175 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸೋ ಬಲ). ಇದನ್ನ ಸ್ಪೋರ್ಟ್ಸ್ ಕಾರ್ ಅಂದ್ರ ನಗೋರು ನಗ್ಲಿ, 2022ರಾಗ ಪೋಲೋ ನಮ್ಮ ದೇಶದಾಗ ಬಂದ್ ಆದ ಮ್ಯಾಲ ಇಷ್ಟು ರೊಕ್ಕದಾಗ ಇಷ್ಟು ಖುಷಿ ಕೊಡೋ ಗಾಡಿ ನನಗಂತೂ ಸಿಕ್ಕಿಲ್ಲ. ವಾರಪೂರ್ತಿ ಬೆಳಗಾವ್ಯಾಗ ಟಿಳಕವಾಡಿಯಿಂದ ಉದ್ಯಮಬಾಗಕ್ಕ ಆಫೀಸು, ವರ್ಷದಾಗ ಒಂದೆರಡು ಸಲ ಟ್ರ್ಯಾಕು. ಟ್ರೇಲರ್ ಮ್ಯಾಲ ಹೇರ್ಕೊಂಡು ಹೋಗೋವಷ್ಟು ದೊಡ್ಡ ಸಾವ್ಕಾರ ನಾನಲ್ಲ, ಓಡಿಸ್ಕೊಂಡ ಹೋಗಿ ಓಡಿಸ್ಕೊಂಡ ಬರಬೇಕು, ಹಿಂಗಾಗಿ ಏನ ಹಾಕಿದ್ರೂ ಏನ ತಗದ್ರೂ ಮದಲ್ನೇ ಪ್ರಶ್ನೆ ಒಂದ: ಇದು ಹೊಳ್ಳಿ ಮನಿ ಮುಟ್ಟತೈತೇನ?

ಆ ಪ್ರಶ್ನೆ ಹುಟ್ಟಿದ್ದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇದಾಗ. ರೇಸಿಂಗ್ ಡ್ರೈವರ್ ಎಸ್. ಕರಿವರ್ಧನ್ ಹೆಸರಿನ್ಯಾಗ 2003ರಾಗ ಚಾಲೂ ಆದ ಟ್ರ್ಯಾಕ್ ಅದು, ಉದ್ದ 2.1 ಕಿ.ಮೀ. ಅಷ್ಟ, ಆದ್ರ ಸಣ್ಣದು ಅಂತ ಹಗುರ ತಿಳೀಬ್ಯಾಡ್ರಿ, ಸಣ್ಣ ಟ್ರ್ಯಾಕಿನ್ಯಾಗ ಬ್ರೇಕಿಗೆ ಆರಾಕ ಟೈಮ ಸಿಗಂಗಿಲ್ಲ. ಮದಲ್ನೇ ಎರಡು ಸೆಷನ್ ಮಸ್ತ್ ಆದುವು. ಮೂರನೇದ್ರಾಗ ನಾಕನೇ ಲ್ಯಾಪ್ ಇರಬೇಕು, ನೇರ ದಾರಿ ಮುಗದು ಬ್ರೇಕ್ ಒತ್ತಿದ್ರ ಕಾಲು ಹಂಗ ಕೆಳಗ ಹೋತು. ಹಸಿ ಹಿಟ್ಟಿನ್ಯಾಗ ಕಾಲಿಟ್ಟಂಗ ಅನಸ್ತು. ಇನ್ನೊಮ್ಮೆ ಒತ್ತಿದೆ, ಮತ್ತೊಮ್ಮೆ ಒತ್ತಿದೆ, ಮೂರನೇ ಸಲಕ್ಕ ಒಂದೀಟು ಹಿಡೀತು, ಅಷ್ಟೊತ್ತಿಗೆ ನಾನು ಟ್ರ್ಯಾಕ್ ಬಿಟ್ಟು ಮಣ್ಣಿನ್ಯಾಗ ಇದ್ದೆ. ಏನೂ ಬಡೀಲಿಲ್ಲ, ಯಾರಿಗೂ ಏನೂ ಆಗ್ಲಿಲ್ಲ, ಆದ್ರ ಹೆಲ್ಮೆಟ್ ತಗದ ಮ್ಯಾಲೂ ಹತ್ತು ನಿಮಿಷ ಕೈ ನಡಗತಿದ್ವು.

ಅಲ್ಲೇ ಒಬ್ಬ ಹಿರೇ ಮನುಷ್ಯಾರು ಬಂದು ಕೇಳಿದ ಮದಲ್ನೇ ಮಾತು, "ಪೆಡಲ್ ಗಟ್ಟಿ ಇತ್ತಾ, ಮೆತ್ತಗ ಇತ್ತಾ?" ಆ ಪ್ರಶ್ನೆದಾಗ ಎಲ್ಲಾ ಐತಿ. ಪೆಡಲ್ ಕಲ್ಲಿನಂಗ ಗಟ್ಟಿ ಇದ್ದೂ ಗಾಡಿ ನಿಲ್ಲಲಿಲ್ಲಂದ್ರ ಪ್ಯಾಡ್ ಕಾದೈತಿ ಅಂತ ಅರ್ಥ. ಮೆತ್ತಗಾಗಿ ನೆಲ ಮುಟ್ಟಿದ್ರ ಒಳಗಿನ ಫ್ಲೂಯಿಡ್ (ಬ್ರೇಕ್ ಎಣ್ಣಿ) ಕುದ್ದು ಆವಿ ಆಗೈತಿ, ಎಣ್ಣಿ ಅದುಮಾಕ ಬರಂಗಿಲ್ಲ ಆದ್ರ ಆವಿ ಅದುಮಾಕ ಬರತೈತಿ, ನಿಮ್ಮ ಕಾಲಿನ ಬಲ ಎಲ್ಲಾ ಆ ಗುಳ್ಳಿ ಅದುಮೂದ್ರಾಗ ಹೋಗತೈತಿ, ಗಾಲಿ ಹತ್ರ ಪ್ಯಾಡ್ ಒತ್ತೋ ಕ್ಯಾಲಿಪರ್ ತನಕ ಏನೂ ಮುಟ್ಟಂಗಿಲ್ಲ. ನನ್ನದು ಎರಡನೇದು. ಆವತ್ತು ಉಳದ ಸೆಷನ್ ಬಿಟ್ಟು, ಗಾಡಿ ಪೂರ್ತಿ ಆರಿದ ಮ್ಯಾಲ, ಮರುದಿನ ಸಾವಕಾಶ ಸೇಲಂ, ಬೆಂಗಳೂರು, ಹುಬ್ಬಳ್ಳಿ ಹಿಡಕೊಂಡು ಊರಿಗೆ ಬಂದೆ.

ತಪ್ಪು ನಂದ. ಟೈರ್‌ಗೆ ರೊಕ್ಕ ಹಾಕಿದ್ದೆ, ಪ್ಯಾಡ್‌ಗೆ ಹಾಕಿದ್ದೆ, ಫ್ಲೂಯಿಡ್ ಬಾಟಲಿಗೆ ಹಾಕಿರಲಿಲ್ಲ. ಗಾಡಿ ತಗೊಂಡಾಗಿಂದ ಅದನ್ನ ಬದಲಿನ ಮಾಡಿಲ್ಲ. ಬ್ರೇಕ್ ಫ್ಲೂಯಿಡ್ ಗಾಳಿಯೊಳಗಿನ ನೀರು ಹೀರ್ಕೊಳ್ಳತೈತಿ, ಮತ್ತ ನಮ್ಮ ಬೆಳಗಾವಿ ಮಳಿಗಾಲ ಗೊತ್ತಲ್ಲ, ಜೂನ್‌ದಾಗ ಹಿಡಕೊಂಡ್ರ ಗೋಡಿ ಸೈತ ಬೆವರತಾವು. ಡಾಟ್ 4 ಅನ್ನೋ ದರ್ಜೆ ಫ್ಲೂಯಿಡ್ ಹೊಸಾದು ಇದ್ದಾಗ ಕಮ್ಮಿ ಅಂದ್ರೂ 230 ಡಿಗ್ರಿಗೆ ಕುದೀಬೇಕು ಅಂತ ಸ್ಟ್ಯಾಂಡರ್ಡ್ ಐತಿ, ನೀರು ಹೀರಿದ ಮ್ಯಾಲ ಅದ 155ಕ್ಕ ಇಳೀತೈತಿ. ಊರಾಗ ಓಡ್ಸೂವಾಗ 155 ಸಾಕು, ಟ್ರ್ಯಾಕಿನ್ಯಾಗ ಸಾಲಂಗಿಲ್ಲ. ಈಗ ಹಾಕಿದ್ದು ಡಾಟ್ 5.1, ಅದರ ಲೆಕ್ಕ 260 ಮತ್ತ 180. ಡಾಟ್ 5 ಬ್ಯಾರೆ ಮಾಲು, ಸಿಲಿಕೋನಿನದು, ಅದನ್ನ ಇದರಾಗ ಹಾಕಬ್ಯಾಡ್ರಿ, ಹೆಸರು ನೋಡಿ ಮೋಸ ಹೋಗಬ್ಯಾಡ್ರಿ.

ಬ್ಲೀಡಿಂಗ್, ಅಂದ್ರ ಹಳೇ ಫ್ಲೂಯಿಡ್ ಗಾಳಿ ಸಮೇತ ಹೊರಗ ತಗದು ಹೊಸಾದು ತುಂಬೋದು, ಮನ್ಯಾಗ ಮಾಡಿದೆ. ತಮ್ಮ ಬರ್ತೀನಂದಾವ ಬರ್ಲಿಲ್ಲ, ಹಿಂಗಾಗಿ ನಮ್ಮವ್ವನ್ನ ಸೀಟಿನ್ಯಾಗ ಕುಂದರಿಸಿದೆ. ಬಲಗಡೆ ಸ್ಟೇರಿಂಗ್ ಇರೋ ಗಾಡಿಗೆ, ಪೆಡಲ್ ಒತ್ತಿದ್ರ ಫ್ಲೂಯಿಡ್ ನೂಕೋ ಮಾಸ್ಟರ್ ಸಿಲಿಂಡರ್‌ನಿಂದ ಎಲ್ಲಾಕಿಂತ ದೂರದ ಗಾಲಿ ಹಿಂದಿನ ಎಡಗಡೆದು, ಅಲ್ಲಿಂದ ಚಾಲೂ ಮಾಡಿದೆ. ನಾ "ಒತ್ತು" ಅಂದ್ರ ಒತ್ತಬೇಕು, ಗಾಲಿ ಹತ್ರದ ನಿಪ್ಪಲ್ ಬಿಚ್ಚತೀನಿ, ಹಳೇ ಎಣ್ಣಿ ಪೈಪಿನ್ಯಾಗ ಬರತೈತಿ, ನಿಪ್ಪಲ್ ಮುಚ್ಚಿ "ಬಿಡು" ಅಂದ ಮ್ಯಾಲ ಬಿಡಬೇಕು, ನಡುವ ಬಿಟ್ರ ಗಾಳಿ ಒಳಗ ಎಳ್ಕೋತೈತಿ ಅಂತ ಎರಡು ಸಲ ಹೇಳೀನಿ. ಮೂರು ಗಾಲಿ ಚಲೋ ಆದುವು. ಹಳೇ ಎಣ್ಣಿ ಬಣ್ಣ ನೋಡಿದ್ರ ಚಾ ಕಾಸಿ ಸೋಸಿದಂಗ, ಹೊಸಾದು ತಿಳಿ ಬಂಗಾರದಂಗ. ನಾಕನೇ ಗಾಲಿ, ನಿಪ್ಪಲ್ ಬಿಚ್ಚೀನಿ, ಒಳಗಿಂದ ವಾಸನಿ ಬಂತು, ನಮ್ಮವ್ವ "ಅಯ್ಯ ಹಾಲು!" ಅಂತ ಪೆಡಲ್ ಬಿಟ್ಟು ಒಳಗ ಓಡಿದ್ಳು. ಪೈಪಿನ್ಯಾಗಿನ ಎಣ್ಣಿ ಸರ್ರಂತ ಹೊಳ್ಳಿ ಒಳಗ ಹೋತು. ಆ ಗಾಲಿ ಮತ್ತ ಮದಲಿಂದ. ಹಾಲೂ ಉಕ್ಕಿ ಒಲಿ ಮ್ಯಾಲ ಹೋತು. ಆ ಗದ್ಲದಾಗ ನಾಕು ಹನಿ ಫೆಂಡರ್ ಮ್ಯಾಲ ಬಿದ್ದಿದ್ದು, ಬ್ರೇಕ್ ಫ್ಲೂಯಿಡ್ ಪೇಂಟ್ ತಿಂತೈತಿ, ಪುಣ್ಯಾಕ್ಕ ಬಕೆಟ್ ನೀರು ಬಾಜೂಕ ಇತ್ತು.

ಬ್ರೇಕ್ ಮುಗೀತು ಅನ್ನೋದ್ರಾಗ ಗಾಲಿ ಕಥಿ. ಕಂಪನಿಯಿಂದ ಬಂದ ಟೈರ್ 195/55 ಆರ್16 (ಅಗಲ 195 ಮಿ.ಮೀ., ಎತ್ತರ ಅದರ ಶೇ. 55, ರಿಮ್ 16 ಇಂಚು). ಹಗುರ ಮಾಡ್ಬೇಕಂತ 15 ಇಂಚಿನ ಅಲಾಯ್ ತಗೊಂಡೆ, ಟೈರ್ ಹಾಕಿ ಕಿರಾಣಿ ಅಂಗಡಿ ಕಾಟಾ ಮ್ಯಾಲ ಇಟ್ಟು ನೋಡಿದ್ರ ಒಂದೊಂದು ಗಾಲಿಗೆ ಎರಡೂವರಿ ಕಿಲೋ ಕಮ್ಮಿ. ಸೈಜು 205/50 ಆರ್15 ಹಾಕೋ ಆಸೆ ಇತ್ತು, ಆದ್ರ ಲೆಕ್ಕ ಹಾಕಿದ್ರ ವ್ಯಾಸ 35 ಮಿ.ಮೀ. ಕಮ್ಮಿ ಆಗತೈತಿ, ಅಂದ್ರ ಗಾಡಿ 17 ಮಿ.ಮೀ. ಇಳೀತೈತಿ, ಟಿಳಕವಾಡಿ ಎರಡನೇ ಗೇಟ್ ದಾಟೂವಾಗ ಮತ್ತ ನಮ್ಮೂರಿನ ಹಂಪ್ ಮ್ಯಾಲ ದಿನಾ ಹೊಟ್ಟಿ ತಿಕ್ಕೊಂಡು ಹೋಗೋದು ಯಾರಿಗೆ ಬೇಕು. 195/60 ಆರ್15 ಹಾಕಿದೆ, ಅದರಾಗ ಬರೇ 3 ಮಿ.ಮೀ. ಇಳೀತು, ಸ್ಪೀಡೋಮೀಟರೂ ಹೆಚ್ಚುಕಮ್ಮಿ ಸರಿ ತೋರಸ್ತೈತಿ.

ಹಾಕಿಸ್ಕೊಂಡು ಹೈವೇಕ್ಕ ಬಂದ್ರ 90 ದಾಟಿದ ಕೂಡ್ಲೆ ಸ್ಟೇರಿಂಗ್ ಗಡಗಡ. ಬ್ಯಾಲೆನ್ಸಿಂಗ್ ಮೂರು ಸಲ ಮಾಡಿಸಿದೆ, ಅಂಗಡ್ಯಾವ ಪ್ರತಿ ಸಲ "ಈಗ ಓಕೆ ಸರ್" ಅಂತಾನ. ಕಡೀಕ ನಾನ ಗಾಲಿ ಬಿಚ್ಚಿ ನೋಡಿದೆ. ಪೋಲೋ ಹಬ್ (ಗಾಲಿ ಕೂಡೋ ನಡುವಿನ ಭಾಗ) 57.1 ಮಿ.ಮೀ., ಈ ಅಲಾಯ್ ನಡುವಿನ ತೂತು 73.1, ಯಾಕಂದ್ರ ಹೊರಗಿನ ಅಲಾಯ್ ಮಾಡೋರು ಎಲ್ಲಾ ಗಾಡಿಗೂ ಕೂಡ್ಲಿ ಅಂತ ದೊಡ್ಡ ತೂತು ಇಡತಾರ, ನಡುವ ರಿಂಗ್ ಹಾಕ್ಬೇಕು, ಹಾಕಿಲ್ಲ. ಗಾಲಿ ಬರೇ ಬೋಲ್ಟ್ ಮ್ಯಾಲ ಜೋತಾಡತಿತ್ತು. ಅದಕ್ಕಿಂತ ಕೆಟ್ಟದ್ದು, ಬೋಲ್ಟ್ ಹಳೇವ ಹಾಕ್ಯಾರ. ಫೋಕ್ಸ್‌ವ್ಯಾಗನ್ ಕಂಪನಿ ಬೋಲ್ಟಿನ ತಲಿ ಕೆಳಗ ಗುಂಡಗ ಇರತೈತಿ, ಹೊರಗಿನ ಅಲಾಯ್‌ಗೆ ಬೇಕಾಗಿದ್ದು ಕೋನ್ ಆಕಾರದ್ದು. ಗುಂಡಂದು ಕೋನಿನ ತೂತಿನ್ಯಾಗ ಪೂರ್ತಿ ಕೂಡಂಗಿಲ್ಲ, ಒಂದು ಗೆರಿ ಅಷ್ಟ ಮುಟ್ಟತೈತಿ, ಟೈಟ್ ಆಗೇತಿ ಅಂತ ಅನಸ್ತೈತಿ, ಓಡ್ಸತ ಓಡ್ಸತ ಸಡಲ ಆಗತೈತಿ. ಈ ಸ್ಥಿತಿಯೊಳಗ ನಾ ನಿಪ್ಪಾಣಿ ತನಕ ಹೋಗಿ ಬಂದೀನಿ, ನೆನಸ್ಕೊಂಡ್ರ ಈಗೂ ಹೊಟ್ಟ್ಯಾಗ ಕಲಸ್ತೈತಿ.

ಬೆಳಗಾವ್ಯಾಗ ಇರೋದ್ರ ಸುಖ ಇಲ್ಲಿ ಕಾಣ್ತು. ಆನ್‌ಲೈನ್ ಪ್ಲಾಸ್ಟಿಕ್ ರಿಂಗ್ ತರಿಸ್ಬಹುದಿತ್ತು, ಟ್ರ್ಯಾಕಿನ ಕಾವಿಗೆ ಅದು ತಡೀತೈತೋ ಇಲ್ಲೋ ಅಂತ ನಂಬಿಕಿ ಬರ್ಲಿಲ್ಲ. ಈ ಊರಾಗ ಫೌಂಡ್ರಿ ಮತ್ತ ಮಶೀನ್ ಶಾಪಿಗೆ ಏನ್ ಕಮ್ಮಿ, ಆಫೀಸಿನ ಹಿಂದಿನ ಗಲ್ಲಿಯೊಳಗ ಲೇಥ್ ಹಾಕ್ಕೊಂಡು ಕುಂತ ಒಬ್ರು ಕಾಕಾ ಅದಾರ, ಹೈಡ್ರಾಲಿಕ್ ಸಿಲಿಂಡರಿನ ಪಾರ್ಟ್ ಮಾಡೋದು ಅವ್ರ ದಿನದ ಕೆಲಸ. ಅಲಾಯ್ ಒಂದು ಹೆಗಲ ಮ್ಯಾಲ ಹೊತ್ಕೊಂಡು ಹೋದೆ.

"ಕಾಕಾ, ಒಳಗ 57.1, ಹೊರಗ 73.1, ಅಲ್ಯುಮಿನಿಯಮ್, ನಾಕು ಬೇಕ್ರಿ."

"ಪಾಯಿಂಟ್ ಒಂದು ಅಂತ ಹೇಳಿದ್ರ ಆತಾ? ಫಿಟ್ ಯಾವುದು, ಕೈಲೆ ಕೂಡ್ಬೇಕೋ ಬಡಿದು ಕೂಡಿಸ್ಬೇಕೋ?"

ನನ್ನ ಹತ್ರ ಉತ್ತರ ಇರಲಿಲ್ಲ. ಅವ್ರ ವರ್ನಿಯರ್ ತಗೊಂಡು ಗೇಟಿನ್ಯಾಗ ನಿಂತಿದ್ದ ಗಾಡಿ ತನಕ ಬಂದು, ಮುಂದಿನ ಗಾಲಿ ಬಿಚ್ಚಿಸಿ, ಹಬ್ ಮ್ಯಾಲಿನ ತುಕ್ಕು ಪಾಲಿಶ್ ಪೇಪರಿನಿಂದ ತಿಕ್ಕಿ ಆಮ್ಯಾಲ ಅಳತಿ ತಗೊಂಡ್ರು, ತುಕ್ಕಿನ ಮ್ಯಾಲ ಅಳದ್ರ ತುಕ್ಕಿನ ಅಳತಿ ಬರತೈತಿ ಅಂದ್ರು. ಮದಲ್ನೇ ರಿಂಗ್ ಕೂಡ್ಲಿಲ್ಲ, ಕೂದಲೆಳಿ ಅಷ್ಟು ಬಿಗಿ. ಹೊಳ್ಳಿ ಚಕ್ಕಿನ್ಯಾಗ ಕಟ್ಟಿ ಒಂದು ಕಟ್ ಕೊಟ್ರು, ಸುರುಳಿ ಸುರುಳಿ ಬೆಳ್ಳಿ ತಂತಿಯಂಗ ಚಿಪ್ಸ್ ಬಿದ್ದುವು, ಈ ಸಲ ಹೆಬ್ಬೆರಳಿನಿಂದ ಒತ್ತಿದ್ರ ಟಪ್ ಅಂತ ಕುಂತು, ಎಳದ್ರ ಬರವಲ್ದು. ನಾಕಕ್ಕೂ ಕೂಡಿ ಸಾವಿರದ ಇನ್ನೂರು ತಗೊಂಡ್ರು, ಚಾದ ರೊಕ್ಕ ಅವ್ರ ಕೊಟ್ರು. ಕೋನ್ ಬೋಲ್ಟ್ ಹೊಸಾವು ಬಂದುವು, ಎಂ14, 1.5 ಪಿಚ್, ಟಾರ್ಕ್ ರೆಂಚಿನಿಂದ 120 ನ್ಯೂಟನ್ ಮೀಟರ್, 50 ಕಿ.ಮೀ. ಓಡಿಸಿ ಮತ್ತೊಮ್ಮೆ ಚೆಕ್. ಗಡಗಡ ಪೂರ್ತಿ ಹೋತು. ವಂಟಮುರಿ ಘಾಟಿನ ಇಳಿಜಾರಿನ್ಯಾಗ ಸೈತ ಸ್ಟೇರಿಂಗ್ ಸುಮ್ನ ಇರತೈತಿ.

ರೀಮ್ಯಾಪ್ (ಎಂಜಿನ್ ಸಾಫ್ಟ್‌ವೇರ್ ಬದಲ ಮಾಡಿ ಪವರ್ ಹೆಚ್ಚಿಸೋದು) ಯಾವಾಗ ಅಂತ ಎಲ್ಲಾರೂ ಕೇಳ್ತಾರ. ಸದ್ಯಕ್ಕ ಇಲ್ಲ. ಇದರ ಗೇರ್‌ಬಾಕ್ಸ್ ಎಂಕ್ಯೂ200, ಆ 200 ಸುಮ್ನ ಇಟ್ಟಿದ್ದಲ್ಲ, ಸುಮಾರು ಅಷ್ಟು ನ್ಯೂಟನ್ ಮೀಟರ್ ತಡ್ಕೊಳ್ಳಾಕ ಮಾಡಿದ ಬಾಕ್ಸ್. ರೀಮ್ಯಾಪ್ ಮಾಡಿದ್ರ ಟಾರ್ಕ್ ಅದನ್ನ ದಾಟತೈತಿ. ದಾಟಿಸಿ ವರ್ಷಾನುಗಟ್ಲೆ ಓಡ್ಸೋರು ಅದಾರ, ಒಪ್ಪೀನಿ, ಆದ್ರ ಅವ್ರ ಗಾಡಿ ದಾವಣಗೆರಿ ಬೈಪಾಸಿನ್ಯಾಗ ನಿಂತ್ರ ನೂಕಾಕ ನಾ ಹೋಗಂಗಿಲ್ಲ, ನನ್ನದು ನಿಂತ್ರ ಅವ್ರೂ ಬರಂಗಿಲ್ಲ. ಸೈಲೆನ್ಸರ್ ಕಂಪನಿದ ಐತಿ, ಅದೂ ಹಂಗ ಇರತೈತಿ. ಕಂಪನಿ ಕೊಟ್ಟ ಮೂಲ ಸ್ಪೆಸಿಫಿಕೇಶನ್ ಬದಲ ಮಾಡಬಾರದು ಅಂತ ಸುಪ್ರೀಂ ಕೋರ್ಟ್ 2019ರಾಗ ಹೇಳೈತಿ, ಮತ್ತ ನಮ್ಮ ಓಣ್ಯಾಗ ಪರೀಕ್ಷಾ ಬರಿಯೋ ಹುಡುಗೂರು ಅದಾರ. ಇನ್ಶೂರೆನ್ಸ್ ಪಾಲಿಸಿನೂ ಒಮ್ಮೆ ತಗದು ಓದ್ರಿ, ರೇಸಿಂಗು, ಸ್ಪೀಡ್ ಟೆಸ್ಟಿಂಗ್ ಅದರಾಗ ಬರಂಗಿಲ್ಲ ಅಂತ ಸಣ್ಣ ಅಕ್ಷರದಾಗ ಇರತೈತಿ. ಟ್ರ್ಯಾಕಿನ್ಯಾಗ ಏನ ಮುರದ್ರೂ ನಮ್ಮ ಕಿಸೆದ್ದ.

ಗೋವಾ ದಾರಿ ಚೋರ್ಲಾ ಘಾಟಿನ್ಯಾಗ ಹೋಗಿ ಟೆಸ್ಟ್ ಮಾಡು ಅಂತ ಗೆಳ್ಯಾರು ಗಂಟುಬಿದ್ದಿದ್ರು. ಅಲ್ಲಿ ತಿರುವಿನ ಆಚೆ ಎಮ್ಮಿ ಐತೋ ಮೀನಿನ ಟೆಂಪೋ ಐತೋ ಯಾರಿಗ್ಗೊತ್ತು. ಬ್ಯಾಡಂದೆ.

ಟೈರ್ ಹವಾದ ಒಂದು ಮಾತು ಉಳೀತು. ಕರಿದಾಗ ಮುಂಜಾನಿ ತಂಪಿದ್ದಾಗ 30 ಪಾಯಿಂಟ್ (ಪಿಎಸ್ಐ) ಇಟ್ಟಿದ್ದೆ, ಸೆಷನ್ ಮುಗಿಸಿ ಬಂದು ನೋಡಿದ್ರ ಮುಂದಿನವು 38 ಆಗಿದ್ವು, ಗಾಡಿ ತಿರುವಿನ್ಯಾಗ ಹೊರಗ ಜಾರಾಕತ್ತಿದ್ದು ಅದಕ್ಕ. ಬಿಸಿ ಇದ್ದಾಗ ಇಳಿಸಿ 34ಕ್ಕ ತಂದ ಮ್ಯಾಲ ಮೂತಿ ಹೇಳಿದ ಕಡೆ ತಿರಗ್ತು. ಇಳಿಸಿದ್ದು ನೆನಪಿಟ್ಟು ಹೈವೇ ಹತ್ತೋಕ್ಕಿಂತ ಮದ್ಲ ತುಂಬ್ಕೋಬೇಕು, ಇಲ್ಲಂದ್ರ ಮಂದಿ ಲಗೇಜು ತುಂಬಿದ ಗಾಡಿಗೆ ತಂಪಾದ ಮ್ಯಾಲ 26 ಉಳಿದಿರತೈತಿ. ನಾ ಸೇಲಂ ಹತ್ರ ನೆನಪಾಗಿ ತುಂಬಿದೆ.

ಮುಂದಿನದು ಚೆನ್ನೈ ಹತ್ರ ಇರುಂಗಾಟ್ಟುಕೋಟ್ಟೈ ಟ್ರ್ಯಾಕು, 3.7 ಕಿ.ಮೀ., ನೇರ ದಾರಿ ಉದ್ದ ಐತಿ, ಅಂದ್ರ ಬ್ರೇಕ್ ಒತ್ತೂವಾಗಿನ ಸ್ಪೀಡೂ ಹೆಚ್ಚು. ಹೋಗೋ ವಾರ ಮದ್ಲ ಇನ್ನೊಮ್ಮೆ ಬ್ಲೀಡ್ ಮಾಡ್ಬೇಕಂತ ಮನ್ಯಾಗ ಹೇಳೀನಿ. ನಮ್ಮವ್ವ ಕೇಳಿದ್ದು ಇಷ್ಟ: "ಎಷ್ಟು ಗಂಟೆಕ್ಕ ಅಂತ ಮದ್ಲ ಹೇಳು, ಹಾಲು ಇಳಿಸಿ ಬರ್ತೀನಿ."